ಎಲ್ಲಾ ಧರ್ಮ ಓದಿದ್ದೀಯಲ್ಲ, ಯಾವುದು ಒಳ್ಳೇದು?

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ತುಮಕೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕುರಾನ್, ಬೈಬಲ್, ಬುದ್ಧನ ಉಪದೇಶದ ಸುತ್ತಗಳು ಅಂತ ಓದುತ್ತಾ ಕೂರುತ್ತೇನೆ. ಅಂಚೆ ಶಿಕ್ಷಣದಲ್ಲಿ ಇದೇ ವಿಷಯಕ್ಕೆ ಎಂ.ಎ. ಕೂಡ ಕಟ್ಟಿದೆ. ಆ ಸುದ್ದಿ ಹಬ್ಬಿದ ಮೇಲೆ ಜನ ಆಧಾರ್ ಕಾರ್ಡ್ ಕೈಗಿಟ್ಟು "ಎರಡೂ ಕಡೆ ಹಾಕಿ ಅಕ್ಕ" ಅನ್ನುತ್ತಾರೆ. ಹಾಳೆ ಹೊರಗೆ ಬರುವಷ್ಟರಲ್ಲಿ ಜಗತ್ತಿನ ಧರ್ಮಗಳ ಮೇಲೆ ನನ್ನ ತೀರ್ಪೂ ಬಂದುಬಿಡಬೇಕು.

ತೀರ್ಪು ಇಲ್ಲ. ಸ್ಕೂಟರ್ ಮೈಲೇಜ್ ವಿಚಾರಿಸಿದ ಹಾಗೆ ಕೇಳಿದರೆ ಏನಂತ ಹೇಳಲಿ? ಅದೂ ಕೇಳುವವರು ಯಾರೂ ಹೊಸ ಗಾಡಿ ತಗೊಳ್ಳುವವರಲ್ಲ. ಅವರ ಗಾಡಿಯೇ ಚೆನ್ನಾಗಿದೆ ಅಂತ ನನ್ನ ಬಾಯಲ್ಲಿ ಹೇಳಿಸಬೇಕು, ಅಷ್ಟೇ.

ಗುಬ್ಬಿ ಕಡೆ ಒಂದು ಮದುವೆ ಊಟ. ಪಕ್ಕದ ಎಲೆಯಲ್ಲಿದ್ದ ದೊಡ್ಡಪ್ಪ ಶುರು ಮಾಡಿದರು. "ನಮ್ಮದೇ ಅಲ್ವೇನಮ್ಮಾ ಎಲ್ಲಕ್ಕಿಂತ ಹಳೇದು?" ಹಳೇದಾದರೆ ಒಳ್ಳೇದಾ ದೊಡ್ಡಪ್ಪ ಅಂದೆ. ಅವರಿಗೆ ಸಿಟ್ಟು ಬಂತು. ಅಷ್ಟರಲ್ಲಿ ಎದುರು ಕೂತಿದ್ದ ಮೇಷ್ಟ್ರೊಬ್ಬರು ರಾಜಿ ಮಾಡಿಸುವ ದನಿಯಲ್ಲಿ "ಎಲ್ಲಾ ಧರ್ಮದ ಸಾರ ಒಂದೇ ಬಿಡಮ್ಮ" ಅಂದರು. ಸಾಲಿನವರೆಲ್ಲ ತಲೆಯಾಡಿಸಿದರು. ದೊಡ್ಡಪ್ಪನ ಮಾತಿಗಿಂತ ನನಗೆ ಇದೇ ಜಾಸ್ತಿ ಉರಿಯಿತು.

ಒಂದೇ ಹೇಗಾಗುತ್ತೆ? ಯೇಸು ಶಿಲುಬೆಯ ಮೇಲೆ ಸತ್ತು ಎದ್ದುಬಂದ ಅನ್ನೋದನ್ನು ತೆಗೆದರೆ ಕ್ರೈಸ್ತ ಧರ್ಮದಲ್ಲಿ ಉಳಿಯೋದೇನು? ಕುರಾನಿನ 4ನೇ ಅಧ್ಯಾಯದ 157ನೇ ವಚನ, ಅವರನ್ನು ಶಿಲುಬೆಗೆ ಏರಿಸಲೇ ಇಲ್ಲ ಅನ್ನುತ್ತದೆ. ಜೈನರಲ್ಲಿ ಪ್ರತಿ ಜೀವಿಗೂ ಆತ್ಮ ಉಂಟು, ಲೋಕ ಸೃಷ್ಟಿಸಿದ ದೇವರಿಲ್ಲ. ಮಹಾವೀರ ಓಡಾಡಿದ ಅದೇ ಮಗಧದಲ್ಲಿ ಓಡಾಡಿದ ಬುದ್ಧ, ಶಾಶ್ವತವಾದ ಆತ್ಮವೂ ಇಲ್ಲ ಅಂದ. ಸುಮ್ನೆ ಒಂದೇ ಅಂದುಬಿಟ್ಟರೆ ಓದುವ ಕಷ್ಟ ತಪ್ಪುತ್ತೆ. ಜಗಳವೂ ತಪ್ಪುತ್ತೆ ಅಂತೀರಾ? ತಪ್ಪಿದ್ದನ್ನು ನಾನಂತೂ ನೋಡಿಲ್ಲ. ಆವತ್ತೂ ತಪ್ಪಲಿಲ್ಲ.

ಒಬ್ಬರಾದರೂ ಬೇರೆ ಏನಾದರೂ ಕೇಳಬಾರದಾ? ಸಾವಿನ ಮನೆಗೆ ಹೋದಾಗ ಹೇಗಿರಬೇಕು ಅಂತ ಕೇಳಲಿ. ಗಂಟೆಗಟ್ಟಲೆ ಹೇಳುತ್ತೇನೆ.

ಬೈಬಲ್ಲಿನ ಯೋಬ ಮಕ್ಕಳನ್ನೆಲ್ಲ ಕಳಕೊಂಡು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತಿರುತ್ತಾನೆ. ಮೂವರು ಗೆಳೆಯರು ಬಂದು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ತುಟಿ ಬಿಚ್ಚುವುದಿಲ್ಲ. ಅಷ್ಟಕ್ಕೇ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಆಮೇಲೆ ಬಾಯಿ ತೆರೆದು, ನೀನೇ ಏನೋ ಪಾಪ ಮಾಡಿರಬೇಕು ಅಂತ ಹಿಡಕೊಳ್ಳುತ್ತಾರೆ. ಯೆಹೂದಿಗಳ ಪದ್ಧತಿಯಲ್ಲಿ ಸಾವಾದ ಮನೆಯವರು ಏಳು ದಿನ ತಗ್ಗಿನ ಪೀಠದ ಮೇಲೆ ಕೂರುತ್ತಾರೆ. ಅವರಾಗಿ ಮಾತಾಡುವ ತನಕ ಬಂದವರು ಮಾತಾಡಬಾರದು. ತಮ್ಮ ದೊಡ್ಡಪ್ಪನ ಮಗ ಜಾಫರ್, ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ಪ್ರವಾದಿ ಮುಹಮ್ಮದರು ಹೇಳಿದ್ದು, ಆ ಮನೆಗೆ ಊಟ ಮಾಡಿ ಕಳಿಸಿ ಅಂತ.

ನಮ್ಮಲ್ಲಿ, ಅಂದರೆ ಲಿಂಗಾಯತರಲ್ಲಿ, ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಅಜ್ಜಿಯನ್ನು ಗುಂಡಿಯೊಳಗಿನ ಗೂಡಿನಲ್ಲಿ ಕೂರಿಸಿ, ಅಂಗೈಗೆ ಲಿಂಗ ಕೊಟ್ಟು, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿದರು. ಸಾವಿನ ಸೂತಕವನ್ನು ಶರಣರು ಒಪ್ಪಿದವರಲ್ಲ. ಆದರೂ ನಮ್ಮ ನೆಂಟರೊಬ್ಬರು ಬಾಗಿಲಲ್ಲೇ ನಿಂತು, ನೀರೂ ಮುಟ್ಟದೆ, "ಸೂತಕ ಕಳೀಲಿ, ಬರ್ತೀವಿ" ಅಂತ ಹೋದರು. ಪಕ್ಕದ ಮನೆಯ ಮುಸ್ಲಿಂ ಹೆಂಗಸು ಫ್ಲಾಸ್ಕಿನಲ್ಲಿ ಕಾಫಿ ತಂದರು. ಲೋಟಕ್ಕೆ ಹಾಕಿ ಕೊಡುತ್ತಾ ತಮ್ಮ ಅತ್ತೆ ಸತ್ತ ಕತೆ, ಅತ್ತೆಯ ಒಡವೆ ಯಾರ ಪಾಲಾಯಿತು ಅನ್ನುವ ಕತೆ, ಒಂದೇ ಸಮನೆ ಹೇಳಿದರು. ಮೌನದ ಲೆಕ್ಕದಲ್ಲಿ ಪೂರ್ತಿ ಫೇಲು. ಆದರೆ ಬೆಳಗಿನಿಂದ ನಮ್ಮ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಇಬ್ಬರಲ್ಲಿ ತಮ್ಮ ಧರ್ಮವನ್ನು ಓದಿಕೊಂಡವರು ಯಾರು ಅಂತ ಕೇಳಿ, ಹೇಳುತ್ತೇನೆ. ಇಬ್ಬರೂ ಅಲ್ಲ. ಹಾಗಾದರೆ ನೀನು ಓದಿದ್ದು ಯಾಕೆ ಅನ್ನಬೇಡಿ. ಅದಕ್ಕೆ ಬೇರೆಯೇ ಬರೆಯಬೇಕಾಗುತ್ತೆ.