ಕತ್ತಲಿಗೆ ಮುಂಚೆ ತಲುಪುವ ಲೆಕ್ಕ

ಬಸ್ಸು, ರೈಲು, ಶೇರ್ ವ್ಯಾನುಗಳಲ್ಲೇ ಕಡಿಮೆ ಖರ್ಚಿನಲ್ಲಿ ದೇಶದಿಂದ ದೇಶಕ್ಕೆ ಹೋಗುವವರಿಗೆ ದಿನದಿನದ ಯೋಜನೆ ಹಾಕಿಕೊಡುವುದು ನಮ್ಮ ಕೆಲಸ. ಎಡವಟ್ಟುಗಳ ಬೇರು ಹುಡುಕುತ್ತಾ ಹೋದರೆ ಹೆಚ್ಚಿನ ಸಲ ಅದು ಗಡಿಯಾರಕ್ಕೇ ಹೋಗಿ ನಿಲ್ಲುತ್ತದೆ. ಗೊತ್ತಿಲ್ಲದ ಊರಿನ ಬಸ್ ನಿಲ್ದಾಣದಲ್ಲಿ ರಾತ್ರಿ ಹನ್ನೊಂದಕ್ಕೆ ಇಳಿದವರಿಗೆ ಟ್ಯಾಕ್ಸಿಯವನು ಹೇಳಿದ್ದೇ ದರ, ಸಿಕ್ಕಿದ್ದೇ ಕೋಣೆ. ಅದೇ ಊರಿಗೆ ಮಧ್ಯಾಹ್ನ ಮೂರಕ್ಕೆ ಬಂದವರು ನಾಲ್ಕು ಕಡೆ ವಿಚಾರಿಸಿ, ಬೇಡವೆನಿಸಿದರೆ ಮುಂದಿನ ಬೀದಿಗೆ ಹೋಗಬಹುದು. ಅದಕ್ಕೇ ಯೋಜನೆಯನ್ನು ಹೊರಡುವ ಹೊತ್ತಿನಿಂದ ಬರೆಯಬೇಡಿ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲು ತಲುಪಬೇಕು ಎಂದಿಟ್ಟುಕೊಂಡು ಹಿಂದಕ್ಕೆ ಬರೆಯುತ್ತಾ ಬನ್ನಿ.

ಮೊಬೈಲ್ ನಕ್ಷೆ ತೋರಿಸುವ ಸಮಯ ಕಾರಿನದು. ಬಸ್ಸಿಗೆ ಅದರ ಒಂದೂವರೆ ಪಟ್ಟು, ಘಾಟಿಯ ರಸ್ತೆಗೆ ಎರಡು ಪಟ್ಟು ಹಿಡಿಯುವುದು ನಮ್ಮ ವಾಡಿಕೆ. ದಾರಿಯಲ್ಲಿ ಗಡಿ ಇದ್ದರೆ ಇನ್ನೂ ಮೂರು ಗಂಟೆ. ಒಟ್ಟು ಹತ್ತು ಗಂಟೆ ಮೀರಿತೋ, ಆ ದಾರಿಯನ್ನು ಎರಡು ದಿನಕ್ಕೆ ಒಡೆಯುತ್ತೇವೆ. ಜನ ತುಂಬಿದ ಮೇಲೆ ಹೊರಡುವ ವ್ಯಾನುಗಳಿಗೆ ವೇಳಾಪಟ್ಟಿಯೇ ಇರುವುದಿಲ್ಲ. ಬೆಳಗಿನ ಮೊದಲ ವ್ಯಾನು ಬೇಗ ತುಂಬುತ್ತದೆ. ಹತ್ತು ಗಂಟೆ ದಾಟಿದ ಮೇಲಿನವು ಎರಡು ಗಂಟೆ ಕಾಯಿಸಿದರೂ ಆಶ್ಚರ್ಯವಿಲ್ಲ. ‘ಈಗಲೇ ಹೊರಡುತ್ತೆ’ ಎಂಬ ಮಾತು ಕೇಳಿ ಹಣ ಕೊಡಬೇಡಿ. ಒಳಗೆ ಕೂತವರನ್ನು ಎಣಿಸಿ, ಅವರ ಕೈಯಲ್ಲಿ ಚೀಲಗಳಿವೆಯೇ ನೋಡಿ. ಚೀಲವಿಲ್ಲದೆ ಕೂತವರು ವ್ಯಾನು ತುಂಬಿದೆ ಎಂದು ತೋರಿಸಲು ಕೂರಿಸಿದವರೂ ಆಗಿರಬಹುದು.

ರಾತ್ರಿ ಬಸ್ಸಿನಲ್ಲಿ ಕೋಣೆಯ ಬಾಡಿಗೆ ಉಳಿಯುತ್ತದೆ ನಿಜ. ಆದರೆ ಅದು ಬೆಳಗಿನ ಜಾವ ನಾಲ್ಕಕ್ಕೆ ಇಳಿಸುವುದಾದರೆ ಉಳಿದದ್ದು ಅಲ್ಲೇ ಹೋಗುತ್ತದೆ. ಏಳರ ನಂತರ ತಲುಪುವ ಬಸ್ಸನ್ನೇ ಹುಡುಕಿ.

ಗಡಿಯಾರವೇ ಬೇರೆಯಾಗಿರುವ ದೇಶಗಳೂ ಇವೆ. ಇಥಿಯೋಪಿಯಾದಲ್ಲಿ ಜನ ಗಂಟೆ ಎಣಿಸುವುದು ಬೆಳಗಿನಿಂದ: ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಬಸ್ಸು ಹನ್ನೆರಡಕ್ಕೆ ಎಂದರೆ ಅದು ಬೆಳಿಗ್ಗೆ ಆರು. ಮಧ್ಯಾಹ್ನ ಹೋದವರಿಗೆ ಬಸ್ಸೂ ಇಲ್ಲ, ಟಿಕೆಟ್ ಹಣವೂ ಇಲ್ಲ. ಚೀನಾಕ್ಕೆಲ್ಲ ಬೀಜಿಂಗ್ ಸಮಯವೊಂದೇ ಅಧಿಕೃತ, ಆದರೆ ಪಶ್ಚಿಮದ ಷಿನ್‌ಜಿಯಾಂಗ್‌ನಲ್ಲಿ ಅನೇಕರು ಅದಕ್ಕಿಂತ ಎರಡು ಗಂಟೆ ಹಿಂದಿನ ಸ್ಥಳೀಯ ಸಮಯ ಹೇಳುತ್ತಾರೆ. ಥಾಯ್ಲೆಂಡ್‌ನ ಟಿಕೆಟ್ಟಿನಲ್ಲಿ ವರ್ಷ 543 ಹೆಚ್ಚಿಗೆ ಮುದ್ರಿಸಿರಬಹುದು. ‘ಎಷ್ಟು ಗಂಟೆಗೆ’ ಎಂದು ಕೇಳಿದರೆ ಈ ಗೊಂದಲ ತೀರುವುದಿಲ್ಲ. ‘ಈಗಿನಿಂದ ಇನ್ನೆಷ್ಟು ಗಂಟೆ ಇದೆ’ ಎಂದು ಕೇಳಿ; ಯಾವ ಗಡಿಯಾರದಲ್ಲೂ ಉತ್ತರ ಒಂದೇ.

ಗಡಿಯಲ್ಲಿ ಇವೆಲ್ಲ ಒಟ್ಟಿಗೆ ಕಾಡುತ್ತವೆ. ಪಾಕಿಸ್ತಾನ ಮತ್ತು ಚೀನಾ ನಡುವಿನ ಖುಂಜರಾಬ್ ಕಣಿವೆದಾರಿಯನ್ನೇ ತೆಗೆದುಕೊಳ್ಳಿ. ಎತ್ತರ ಸುಮಾರು 4,690 ಮೀಟರ್. ಪಾಕಿಸ್ತಾನದ ಇಮಿಗ್ರೇಷನ್ ಇರುವುದು ಸೋಸ್ತ್‌ನಲ್ಲಿ, ಚೀನಾದ್ದು ತಾಷ್‌ಕುರ್ಗಾನ್‌ನಲ್ಲಿ. ನಡುವೆ ಸುಮಾರು 200 ಕಿ.ಮೀ. ಎರಡು ದೇಶಗಳ ಗಡಿಯಾರಕ್ಕೆ ಮೂರು ಗಂಟೆ ಅಂತರ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಏಳು ಗಂಟೆಯಲ್ಲಿ ದಾಟಿದರೂ ಆಚೆಯ ಗಡಿಯಾರ ಸಂಜೆ ಏಳು ತೋರಿಸುತ್ತದೆ, ಬಿಸಿಲು ಇನ್ನೂ ಇದ್ದರೂ. ಇಂಥ ಕಡೆ ನಿರ್ಗಮನದ ಮುದ್ರೆ ಬಿದ್ದ ಮೇಲೆ ಆಚೆಯವರು ಒಳಗೆ ಬಿಡದಿದ್ದರೆ ಗತಿಯೇನು? ಒಂದೇ ಪ್ರವೇಶದ ವೀಸಾ ಆಗಿದ್ದರೆ ಹಿಂದಿನ ದೇಶಕ್ಕೆ ಮರಳುವ ಹಕ್ಕೂ ಮುಗಿದಿರುತ್ತದೆ. ಆದ್ದರಿಂದ ಈಚೆ ಮುದ್ರೆ ಹಾಕಿಸುವ ಮುನ್ನವೇ ಆಚೆಗೆ ಬೇಕಾದ ಕಾಗದಗಳನ್ನು ಪರೀಕ್ಷಿಸಿ. ಇ-ವೀಸಾ ಇದ್ದರೆ ನೀವು ಹೋಗುತ್ತಿರುವ ಗಡಿ ಚೌಕಿಯ ಹೆಸರು ಅದರ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಎಷ್ಟೋ ಇ-ವೀಸಾಗಳು ವಿಮಾನ ನಿಲ್ದಾಣಗಳಲ್ಲಿ ನಡೆಯುತ್ತವೆ, ಭೂಗಡಿಗಳಲ್ಲಿ ನಡೆಯುವುದಿಲ್ಲ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳು ಉಳಿದಿರಬೇಕು, ಖಾಲಿ ಪುಟ ಎರಡಾದರೂ ಇರಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಊರ್ಜಿತ. ಹಿಂದಿನ ವಾರ ಹಾಕಿಸಿಕೊಂಡು ಹೊರಟವರನ್ನು ಗಡಿಯಲ್ಲಿ ತಡೆಯಬಹುದು. 2016ರ ಜುಲೈಯಿಂದ ಅದು ಜೀವಮಾನಕ್ಕೆಲ್ಲ ಸಲ್ಲುತ್ತದೆ.

ಒಳಗೆ ಬಂದ ಮೇಲೆ ಕೌಂಟರಿನಿಂದ ಕದಲುವ ಮುಂಚೆ ಮುದ್ರೆ ಓದಿ: ದಿನಾಂಕ ಸರಿಯೇ, ಎಷ್ಟು ದಿನ ಬರೆದಿದ್ದಾರೆ? ಕೆಲವು ಬಸ್ಸುಗಳು ಇಮಿಗ್ರೇಷನ್ ಕಚೇರಿಯ ಮುಂದೆ ನಿಲ್ಲದೆ ಹೋಗುತ್ತವೆ; ಪ್ರವೇಶದ ಮುದ್ರೆ ಇಲ್ಲದವರು ಸಿಕ್ಕಿಬೀಳುವುದು ಹೊರಹೋಗುವ ದಿನ. ವೀಸಾದ ಅವಧಿ 90 ದಿನ, ತಂಗಲು ಅನುಮತಿ 30 ದಿನ ಎಂದಿದ್ದರೆ ನಿಮಗೆ ಲೆಕ್ಕ 30. ಬಂದ ದಿನವೇ ಮೊದಲ ದಿನ ಎಂದು ಎಣಿಸಿಕೊಳ್ಳಿ. ಮೂವತ್ತನೆಯ ದಿನದ ರಾತ್ರಿ ಬಸ್ಸು ಹತ್ತಿದವರಿಗೆ ಗಡಿಯ ಸಾಲಿನಲ್ಲೇ ಹನ್ನೆರಡು ಹೊಡೆಯುತ್ತದೆ. ಮುದ್ರೆ ಮೂವತ್ತೊಂದನೆಯ ದಿನದ್ದಾಗುತ್ತದೆ, ದಂಡ ಬೀಳುತ್ತದೆ. ಎರಡು ದಿನ ಮುಂಚೆಯೇ ದಾಟಿಬಿಡಿ.

ಹಣದ ವಿಷಯದಲ್ಲೂ ಅವಸರವೇ ಕೈಕೊಡುವುದು. ಗಡಿಯಲ್ಲಿ ಹಣ ಬದಲಿಸುವವನು ಕೊಟ್ಟ ನೋಟುಗಳನ್ನು ನೀವು ಎಣಿಸುತ್ತೀರಿ, ಒಂದು ಕಡಿಮೆ ಇರುತ್ತದೆ. ಅವನು ಕಟ್ಟನ್ನು ವಾಪಸ್ ತೆಗೆದುಕೊಂಡು ಒಂದು ನೋಟು ಮೇಲಿಟ್ಟು, ಕೆಳಗಿನಿಂದ ಐದು ಮಡಚಿಕೊಳ್ಳುತ್ತಾನೆ. ಕಟ್ಟು ಅವನ ಕೈಗೆ ಮರಳಿದರೆ ಮತ್ತೆ ಮೊದಲಿನಿಂದ ಎಣಿಸಲೇಬೇಕು. ನಿಮ್ಮ ಹಣ ಕೊಡುವುದು ಅದಾದ ಮೇಲೆ. ಅಲ್ಲಿ ಮೊದಲ ರಾತ್ರಿಗೆ ಬೇಕಾದಷ್ಟನ್ನೇ ಬದಲಿಸಿ. 2006ಕ್ಕಿಂತ ಹಳೆಯ ಡಾಲರ್ ನೋಟುಗಳನ್ನು ಆಫ್ರಿಕಾದ ಹಲವೆಡೆ ಮುಟ್ಟುವುದಿಲ್ಲ. ಎಟಿಎಂ ಬಳಸುವುದಾದರೆ ಬ್ಯಾಂಕಿಗೆ ಅಂಟಿಕೊಂಡದ್ದನ್ನು, ಬ್ಯಾಂಕ್ ತೆರೆದಿರುವಾಗಲೇ ಬಳಸಿ. ಕಾರ್ಡು ಒಳಗೆ ಸಿಕ್ಕಿಕೊಂಡರೆ ಕೇಳಲು ಒಬ್ಬರಿರುತ್ತಾರೆ. ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ ಎಂದು ಯಂತ್ರ ಕೇಳಿದರೆ ಬೇಡ ಎನ್ನಿ, ಆ ದರದಲ್ಲಿ ನಷ್ಟ ನಿಮಗೇ.

ಮೈಗೂ ಸಮಯ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಹಗಲು ಕಣಿವೆದಾರಿ ಹತ್ತಿ ಇಳಿಯುವುದಕ್ಕಿಂತ ಮೇಲೆಯೇ ರಾತ್ರಿ ಕಳೆಯುವುದು ಅಪಾಯ. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮತ್ತು ಆ ದಿನದ ಬಸ್ಸು ಬೇಡ.

ಹೊರಡುವ ಮುನ್ನ ಒಂದು ಚೀಟಿ ಮಾಡಿಕೊಳ್ಳಿ. ತಂಗುವ ಜಾಗದ ಹೆಸರು, ಬೀದಿ, ಪಕ್ಕದ ದೊಡ್ಡ ಗುರುತು, ಫೋನ್ ನಂಬರು ಎಲ್ಲವೂ ಆ ದೇಶದ ಲಿಪಿಯಲ್ಲೇ ಇರಲಿ. ರೋಮನ್ ಅಕ್ಷರ ಓದಲು ಬಾರದ ಡ್ರೈವರಿಗೂ ಅದು ಸಾಕು, ಮೊಬೈಲ್ ಚಾರ್ಜ್ ಮುಗಿದಿದ್ದರೂ ಕೆಲಸ ನಡೆಯುತ್ತದೆ. ಬಸ್ಸು ಊಟಕ್ಕೆ ನಿಂತಾಗ ಇಳಿಯುವ ಮೊದಲು ಅದೇ ಚೀಟಿಯ ಹಿಂದೆ ಬಸ್ಸಿನ ನಂಬರು ಬರೆದುಕೊಳ್ಳಿ. ಒಂದೇ ಬಣ್ಣದ ಹತ್ತು ಬಸ್ಸು ಸಾಲಾಗಿ ನಿಂತಾಗ ನಿಮ್ಮದು ಯಾವುದೆಂದು ಬೇರೆ ಯಾರೂ ಹೇಳಲಾರರು.