ಉಬ್ಬಿದ ತೋಟೆಗಳು

ಕಾಸರಗೋಡಿನ ಮುಳ್ಳೇರಿಯದಿಂದ ಒಳಗೆ, ಕಾಡಿನಂಚಿನಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಅಜ್ಜನ ಕಾಲದಿಂದಲೂ ಪರವಾನಗಿಯ ಕೋವಿಯೊಂದಿದೆ. ಮಾಂಸ ಮುಟ್ಟದವರ ಮನೆಯಲ್ಲಿ ಕೋವಿ ಏಕೆ ಎಂದು ಪೇಟೆಯವರು ಕೇಳುವುದುಂಟು. ಹಂದಿ ಉತ್ತು ಹಾಕಿದ ಗೆಣಸಿನ ಸಾಲನ್ನು ಬೆಳಗ್ಗೆ ಎದ್ದು ನೋಡಿದವರು ಕೇಳುವುದಿಲ್ಲ. ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಿಸಲು ಆದೇಶ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ವಹಿಸಿದ ಮೇಲೆ, ಕಪಾಟಿನಲ್ಲಿ ಸುಮ್ಮನಿದ್ದ ಇಂಥ ಕೋವಿಗಳ ಮಾತು ನಮ್ಮ ಕಡೆ ಮತ್ತೆ ಕೇಳಿಬರುತ್ತಿದೆ.

ಚುನಾವಣೆಯ ಮೊದಲು ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕೆಂಬ ಸೂಚನೆ ಬಂದಾಗ ಮಾವ ಕಪಾಟನ್ನು ಖಾಲಿ ಮಾಡಿದರು. ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ ಹನ್ನೆರಡು ಬೋರ್ ಅಳತೆಯ ನಳಿಗೆಗೆ ಹೊಂದುವ ತೋಟೆಗಳು, ಎಂದರೆ ಮದ್ದು ಗುಂಡು ತುಂಬಿದ ಕಾಡತೂಸುಗಳಿದ್ದವು. ಕಾಗದದ ಕವಚದವು, ಎಷ್ಟೋ ಮಳೆಗಾಲದ ತೇವ ಕುಡಿದು ಹೊಟ್ಟೆ ಉಬ್ಬಿದ್ದವು, ಬುಡದ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು, ಬಾಯಿಯ ಮಡಿಕೆಯೂ ಸಡಿಲವಾಗಿತ್ತು. ಅಂಗಳದಲ್ಲಿ ಅಡಕೆ ಒಣಗುತ್ತಿದ್ದ ದಿನಗಳವು. ಅದರ ಪಕ್ಕದಲ್ಲೇ ಒಂದು ಗೋಣಿ ಹಾಸಿ ತೋಟೆಗಳನ್ನೂ ಒಣಗಿಸಿ, ಉಬ್ಬಿದ ಭಾಗವನ್ನು ಪೀಶಕತ್ತಿಯಲ್ಲಿ ತುಸು ಹೆರೆದರೆ ಕೋವಿಯೊಳಗೆ ಸಲೀಸಾಗಿ ಇಳಿದಾವು ಎಂಬುದು ಮಾವನ ಲೆಕ್ಕ.

ಅಮೇರಿಕದಲ್ಲಿ ನೆಲೆಸಿರುವ ಅವರ ಮಗ, ನನಗೆ ಭಾವ, ಆಗ ರಜೆಯಲ್ಲಿ ಊರಿಗೆ ಬಂದಿದ್ದರು. ಅಲ್ಲಿ ಕಾಗದದ ಗುರಿಗೆ ಗುಂಡು ಹೊಡೆಯುವುದು ಅವರ ಹವ್ಯಾಸ. ರೈಫಲಿನ ತೋಟೆಗಳನ್ನು ಮನೆಯ ಗ್ಯಾರೇಜಿನಲ್ಲಿ ತಾವೇ ತುಂಬಿಕೊಳ್ಳುತ್ತಾರೆ, ಅಲ್ಲಿನ ಕಾನೂನು ಅದಕ್ಕೆ ಅಡ್ಡಿ ಮಾಡುವುದಿಲ್ಲ. ಹಾಗಾಗಿ ತೋಟೆ ಬಿಚ್ಚಿ ಸರಿಮಾಡುವ ಕೆಲಸ ಮಗನಿಗೆ ನೀರು ಕುಡಿದಷ್ಟು ಸುಲಭವೆಂದು ಮಾವ ಭಾವಿಸಿದ್ದು ಸಹಜ. ಭಾವ ಮಾತ್ರ ಡಬ್ಬಿಯ ಮುಚ್ಚಳ ಹಾಕಿ, "ಅಪ್ಪಾ, ಇದು ಬಿಸಿಲಿಗೂ ಬೇಡ, ಒಲೆಯ ಮೇಲಿನ ಅಟ್ಟಕ್ಕೂ ಬೇಡ" ಎಂದರು.

ಆ ಮಧ್ಯಾಹ್ನ ಜಗಲಿಯಲ್ಲಿ ಕುಳಿತು, ತಮ್ಮ ಕೆಲಸದಲ್ಲಿ ತಪ್ಪಾದರೆ ಏನು ಮಾಡುತ್ತೇವೆಂದು ಅವರು ಮಾವನಿಗೆ ವಿವರಿಸಿದ್ದನ್ನು ನಾನು ಕೇಳಿದೆ. ಗುಂಡನ್ನು ಹಾರಿಸುವ ಮದ್ದಿನ ಪುಡಿಯನ್ನು ಅವರು ಗ್ರೇನ್ ಎಂಬ ತೂಕದಲ್ಲಿ ಅಳೆಯುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಆ ಮಟ್ಟದ ಕೆಲಸದಲ್ಲಿ ಫೋನು ಬಂದಿತೆಂದು ಎದ್ದು ಹೋಗಿ ಬಂದವನು ಒಂದು ತೋಟೆಗೆ ಮದ್ದೇ ಹಾಕದಿರಬಹುದು, ಇನ್ನೊಂದಕ್ಕೆ ಎರಡು ಬಾರಿ ಹಾಕಿರಬಹುದು. ಎರಡು ಬಾರಿ ಬಿದ್ದರೆ ಕೋವಿಯೇ ಸಿಡಿಯಬಹುದು. ಬರಿದಾಗಿ ಉಳಿದ ತೋಟೆ ಸಾಧುವಾಗಿ ಕಂಡರೂ ಸಾಧುವಲ್ಲ: ಬುಡದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನ ಬಲವೊಂದರಿಂದಲೇ ಗುಂಡು ನಳಿಗೆಯೊಳಗೆ ಹೋಗಿ ಸಿಕ್ಕಿಕೊಳ್ಳಬಹುದು, ಅದರ ಹಿಂದೆಯೇ ಮತ್ತೊಂದನ್ನು ಹೊಡೆದವನ ನಳಿಗೆ ಒಡೆಯಬಹುದು. ಆದ್ದರಿಂದ ಗುಂಡು ಕೂರಿಸುವ ಮೊದಲು ಎಲ್ಲ ಕವಚಗಳನ್ನೂ ಮರದ ಹಲಗೆಯ ಗುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚು ಹಾಕಿ ಒಳಗಿನ ಮದ್ದಿನ ಮಟ್ಟ ನೋಡುತ್ತಾರೆ. ಗುಂಡು ಕೂರಿಸಿಯಾದ ಮೇಲೆ ಅನುಮಾನ ಹುಟ್ಟಿದರೆ ಆ ಒಂದನ್ನು ಹುಡುಕುತ್ತ ಕೂರುವುದಿಲ್ಲ, ಆ ದಿನ ತುಂಬಿದ ಎಲ್ಲವನ್ನೂ ಬಿಚ್ಚುತ್ತಾರೆ.

ಬಿಚ್ಚಲು ಅವರಲ್ಲಿ ಸುತ್ತಿಗೆಯಂಥದೇ ಒಂದು ಸಾಧನವಿದೆ. ಟೊಳ್ಳಾದ ಪ್ಲಾಸ್ಟಿಕ್ ತಲೆಯೊಳಗೆ ತೋಟೆಯ ಬುಡವನ್ನು ಬಿಗಿಯಾಗಿ ಹಿಡಿಸಿ, ಗಟ್ಟಿ ಮರದ ಮೇಲೆ ಕುಟ್ಟಿದಾಗ ಕವಚ ಅಲ್ಲೇ ನಿಂತು, ಭಾರವಾದ ಗುಂಡು ತನ್ನ ವೇಗದಲ್ಲೇ ಮುಂದೆ ಜಾರಿ, ಮದ್ದಿನೊಂದಿಗೆ ಆ ಟೊಳ್ಳಿನೊಳಗೆ ಬೀಳುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ ಅದನ್ನು ಮುಟ್ಟುವುದಿಲ್ಲ. ಬುಡದ ಅಂಚಿನೊಳಗೇ ಸ್ಫೋಟಕ ಲೇಪವಿರುವ ಪಾಯಿಂಟ್ ಟೂಟೂ (.22) ಜಾತಿಯ ಸಣ್ಣ ತೋಟೆಗಳನ್ನಂತೂ ಅದರಲ್ಲಿ ಎಂದಿಗೂ ಹಾಕಬಾರದು. ಹಿಡಿತ ಬೀಳುವುದೇ ಆ ಅಂಚಿನ ಮೇಲೆ. ಹೊರಬಂದ ಮದ್ದು ಯಾವುದೆಂಬುದು ಖಚಿತವಿದ್ದರೆ ಮಾತ್ರ ಮತ್ತೆ ತನ್ನ ಡಬ್ಬಿಗೆ ಹೋಗುತ್ತದೆ, ತುಸು ಸಂಶಯವಿದ್ದರೂ ಹುಲ್ಲಿನ ಮೇಲೆ ತೆಳುವಾಗಿ ಚೆಲ್ಲಿಬಿಡುತ್ತಾರೆ. ಸಿಡಿಯದ ಕೇಪನ್ನು ಎಣ್ಣೆ ಹಾಕಿ ಕೊಲ್ಲಬಹುದೆಂಬ ನಂಬಿಕೆ ಅಲ್ಲಿಯೂ ಇದೆಯಂತೆ. ಒಣಗಿದ ಮೇಲೆ ಅದು ಸಿಡಿಯಲೂಬಹುದು ಎಂದರು ಭಾವ.

"ಹಾಗಾದರೆ ಆ ಸುತ್ತಿಗೆ ತರಬಹುದಿತ್ತಲ್ಲ" ಎಂದರು ಮಾವ. ತಂದರೂ ಉಪಯೋಗವಿರಲಿಲ್ಲ. ಬಾಯಿ ಮಡಚಿದ, ಒಳಗೆ ಸೀಸದ ಸಣ್ಣ ಗುಂಡುಗಳನ್ನು ತುಂಬಿದ ನಮ್ಮ ತೋಟೆಗೆ ಆ ಉಪಾಯ ಹೊಂದುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಭಾವ ಬಿಚ್ಚುವುದು ತಾವೇ ತೂಗಿ ತುಂಬಿದ, ಬರೆದಿಟ್ಟ ಲೆಕ್ಕವಿರುವ ತೋಟೆಗಳನ್ನು. ಡಬ್ಬಿಯಲ್ಲಿದ್ದವುಗಳ ಒಳಗಿನ ಸ್ಥಿತಿಗೆ ಅಂಥ ಯಾವ ಲೆಕ್ಕವೂ ಇರಲಿಲ್ಲ. ತೇವ ಒಂದರಲ್ಲಿ ಕೇಪನ್ನು ಕೆಡಿಸಿರಬಹುದು, ಇನ್ನೊಂದರಲ್ಲಿ ಮದ್ದನ್ನು. ಬಿಸಿಲು ಅದನ್ನು ಸಮ ಮಾಡಿಕೊಡುವುದಿಲ್ಲ. ಪರವಾನಗಿ ಇಲ್ಲದೆ ತೋಟೆ ತಯಾರಿಸುವುದನ್ನು ನಮ್ಮಲ್ಲಿ 1959ರ ಆಯುಧ ಕಾಯಿದೆ ನಿಷೇಧಿಸಿದೆ; ಕೋವಿ ಇಟ್ಟುಕೊಳ್ಳುವ ಪರವಾನಗಿಯಲ್ಲಿ ತೋಟೆ ತುಂಬುವ ಅನುಮತಿ ಸೇರಿರುವುದಿಲ್ಲ.

ಒಂದನ್ನು ಹಾರಿಸಿ ನೋಡೋಣ ಎಂಬ ಆಸೆ ಮಾವನಿಗೆ ಕೊನೆಗೂ ಉಳಿದಿತ್ತು. ಊರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ, ಮತ್ತು ನನಗೆ ಅತಿ ಅಪಾಯವೆನಿಸುವುದೂ ಅದೇ. ಕುದುರೆ ಎಳೆದಾಗ ಸದ್ದೇ ಬಾರದಿದ್ದರೆ ನಮ್ಮವರು ಕೂಡಲೇ ಕೋವಿ ಮಡಚಿ ಇಣುಕುತ್ತಾರೆ. ಕೇಪು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ಜನರಿಲ್ಲದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಸದ್ದು "ಪುಸ್" ಎಂದು ಬಂದರೆ ಮದ್ದಿನ ಮೇಲಿನ ಬಿರಡೆ ನಳಿಗೆಯಲ್ಲೇ ಉಳಿದಿರಬಹುದು. ಆಗಲೂ ಅಷ್ಟೇ ಹೊತ್ತು ಕಾದು, ಕೋವಿಯನ್ನು ಖಾಲಿ ಮಾಡಿ, ಹಿಂದಿನ ತುದಿಯಿಂದ ನಳಿಗೆಯಲ್ಲಿ ಬೆಳಕು ಕಂಡ ಮೇಲಷ್ಟೇ ಮುಂದಿನ ಮಾತು.

ಮರುದಿನ ಮಾವ ಪರವಾನಗಿ ಪುಸ್ತಕದೊಂದಿಗೆ ಠಾಣೆಗೆ ಹೋಗಿ ಕೋವಿ ಇಟ್ಟು ರಸೀದಿ ಪಡೆದರು. ಕೆಟ್ಟ ತೋಟೆಗಳ ಬಗ್ಗೆ ಅಲ್ಲಿಯೇ ಬರೆದುಕೊಟ್ಟು, ಅವರು ಹೇಳಿದಂತೆ ಪರವಾನಗಿ ಇರುವ ಅಂಗಡಿಗೆ ಒಪ್ಪಿಸಿದೆವು. ಅಂಗಡಿಯವರು ಒಂದೊಂದನ್ನೂ ಎಣಿಸಿ ದಾಖಲೆಗೆ ಹಾಕುತ್ತಿದ್ದಾಗ, ಒಳಗಿನ ಸೀಸವನ್ನಾದರೂ ಹಿಂದೆ ಕೊಡುವಿರಾ ಎಂದು ಮಾವ ಕೇಳಿದರು. ಅವರು ತಲೆ ಎತ್ತದೆಯೇ ಇಲ್ಲವೆಂದರು.