ಮೂತ್ರಪಿಂಡ ಮೊದಲು ಸಾಗಿಸುವುದು ಉಪ್ಪನ್ನು

ಗೋಕರ್ಣದ ಸಮೀಪದ ಸಾಣಿಕಟ್ಟಾದ ಆಗರಗಳಲ್ಲಿ ಅಘನಾಶಿನಿಯ ಉಪ್ಪುನೀರನ್ನು ಪಾತಿಯಿಂದ ಪಾತಿಗೆ ಹಾಯಿಸುತ್ತ ಹೋದಂತೆ, ಬಿಸಿಲಿಗೆ ನೀರು ಆರಿ, ಉಳಿದದ್ದು ಗಟ್ಟಿಯಾಗಿ, ಕೊನೆಗೆ ಹರಳು ಕಟ್ಟುತ್ತದೆ. ಮೂತ್ರವನ್ನು ಗಟ್ಟಿಗೊಳಿಸುವ ಮೂತ್ರಪಿಂಡಕ್ಕೆ ಈ ದಾರಿ ಇಲ್ಲ. ಅಲ್ಲಿ ಬಿಸಿಲಿಲ್ಲ, ನೀರನ್ನೇ ಎತ್ತಿ ಹೊರಗೆ ಹಾಕುವ ಪಂಪೂ ಅದರ ಜೀವಕೋಶಗಳಲ್ಲಿಲ್ಲ. ಅವು ಶಕ್ತಿ ವ್ಯಯಿಸಿ ಸಾಗಿಸಬಲ್ಲದ್ದು ಉಪ್ಪನ್ನು. ಉಪ್ಪು ಹೆಚ್ಚಿರುವ ಕಡೆಗೆ ನೀರು ತಾನಾಗಿ ಹೋಗುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ, ಹೊರಗೆ ಬರುವುದು ಒಂದೆರಡು ಲೀಟರ್ ಮಾತ್ರ. ಸೋಸಿದ್ದರ ಮೂರರಲ್ಲಿ ಎರಡು ಪಾಲು ನೆಫ್ರಾನ್ ಎಂಬ ಸೋಸುವ ಸೂಕ್ಷ್ಮ ಕೊಳವೆಯ ಮೊದಲ ಭಾಗದಲ್ಲೇ ರಕ್ತಕ್ಕೆ ಮರಳುತ್ತದೆ. ನಿಜವಾದ ಕೌಶಲವಿರುವುದು ಅದರ ಮುಂದೆ, ಮೂತ್ರಪಿಂಡದ ಒಳಪದರಕ್ಕೆ ಇಳಿದು ಹೇರ್‌ಪಿನ್ನಿನಂತೆ ತಿರುಗಿ ಮೇಲೇರುವ ಹೆನ್ಲೆ ಕುಣಿಕೆಯಲ್ಲಿ. ಏರುವ ತೋಳು ಉಪ್ಪನ್ನು ಹೊರಗೆ ತಳ್ಳುತ್ತದೆ, ಆದರೆ ನೀರನ್ನು ಬಿಡುವುದಿಲ್ಲ. ಇಳಿಯುವ ತೋಳು ನೀರನ್ನು ಬಿಡುತ್ತದೆ. ಎರಡು ತೋಳುಗಳಲ್ಲಿ ಹರಿವು ಎದುರುಬದುರಾಗಿರುವುದರಿಂದ ಪ್ರತಿ ಮಟ್ಟದಲ್ಲಿ ಉಂಟಾಗುವ ಸಣ್ಣ ವ್ಯತ್ಯಾಸ ಕೂಡುತ್ತ ಹೋಗಿ, ಹೊರಭಾಗದಲ್ಲಿ ಲೀಟರಿಗೆ ಸುಮಾರು 300 ಮಿಲಿಓಸ್ಮೋಲ್ (ಕರಗಿರುವ ಕಣಗಳ ಲೆಕ್ಕದ ಅಳತೆ) ಇರುವ ಸಾಂದ್ರತೆ ತಳದಲ್ಲಿ, ಯೂರಿಯಾ ಎಂಬ ತ್ಯಾಜ್ಯದ ನೆರವೂ ಸೇರಿ, 1200ರವರೆಗೆ ಏರುತ್ತದೆ. ಸ್ವಿಟ್ಜರ್ಲೆಂಡಿನ ರಸಾಯನವಿಜ್ಞಾನಿ ವರ್ನರ್ ಕೂನ್ 1942ರಲ್ಲಿ ಇದನ್ನು ಊಹಿಸಿದಾಗ ಒಪ್ಪಿದವರು ಕಡಿಮೆ. 1951ರಲ್ಲಿ ಅವರು ಬಾಸೆಲ್‌ನ ಸಂಗಡಿಗರೊಂದಿಗೆ ಇಲಿಯ ಮೂತ್ರಪಿಂಡವನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಕರಗಿಸಿ ನೋಡಿದರು: ಒಳಪದರದ ತುದಿಯ ಹಿಮದ ಹರಳುಗಳು ಎಲ್ಲಕ್ಕಿಂತ ಮೊದಲು ಕರಗಿದವು. ಲವಣ ಹೆಚ್ಚಿದ್ದಲ್ಲಿ ಹಿಮ ಬೇಗ ಕರಗುತ್ತದೆ ಎಂಬ ಸರಳ ನಿಯಮದಿಂದ ಇಷ್ಟು ದೊಡ್ಡ ವಾದ ತೀರ್ಮಾನದತ್ತ ಸಾಗಿದ್ದು ನನಗೆ ಇಂದಿಗೂ ಮೆಚ್ಚುಗೆಯಾಗುವ ಸಂಗತಿ.

ಆ ಉಪ್ಪಿನ ನಡುವೆಯೇ, ಮೂತ್ರವನ್ನು ಹೊರಕ್ಕೊಯ್ಯುವ ಸಂಗ್ರಾಹಕ ನಾಳ ಹಾದುಹೋಗುತ್ತದೆ. ಅದರ ಗೋಡೆ ನೀರಿಗೆ ತೆರೆಯಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ವಾಸೊಪ್ರೆಸಿನ್ ಹಾರ್ಮೋನು. ಮೇ ತಿಂಗಳ ಕಾರವಾರದಲ್ಲಿ ಬೆವರು ಆರದೆ ಸುರಿಯುವಾಗ ರಕ್ತದ ಸಾಂದ್ರತೆ ಶೇಕಡಾ ಒಂದೆರಡು ಏರಿದರೂ ಸಾಕು, ಮೆದುಳಿನ ಹೈಪೋಥಾಲಮಸ್ ಅದನ್ನು ಗ್ರಹಿಸುತ್ತದೆ, ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಬಿಡುಗಡೆಯಾಗುತ್ತದೆ, ನಾಳದ ಜೀವಕೋಶಗಳ ಒಳಗೆ ಸಂಗ್ರಹವಾಗಿದ್ದ ಅಕ್ವಾಪೊರಿನ್ ಎಂಬ ನೀರಿನ ದ್ವಾರಗಳು ನಿಮಿಷಗಳಲ್ಲೇ ಗೋಡೆಗೆ ಬಂದು ಕೂಡುತ್ತವೆ. ಮೂತ್ರ ಕಡಿಮೆಯಾಗಿ ಗಾಢ ಹಳದಿಗೆ ತಿರುಗುತ್ತದೆ. ನೀರು ಹೆಚ್ಚಾದರೆ ಹಾರ್ಮೋನು ತಗ್ಗಿ, ಮೂತ್ರ 50 ಮಿಲಿಓಸ್ಮೋಲಿನಷ್ಟು ತೆಳುವಾಗಬಲ್ಲದು. ಈ ಬಗೆಯ ದ್ವಾರಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಇಷ್ಟು ಚುರುಕಾದ ಏರ್ಪಾಡು ಇರುವಾಗ, ಸಿರ್ಸಿಯ ಮಳೆಗಾಲದಲ್ಲಿ ಮನೆಯೊಳಗೆ ಕುಳಿತವರಿಗೂ ಕರಾವಳಿಯ ಬಿಸಿಲಿನಲ್ಲಿ ದುಡಿಯುವವರಿಗೂ ದಿನಕ್ಕೆ ಇಂತಿಷ್ಟೇ ಲೀಟರ್ ನೀರು ಎಂದು ಒಂದೇ ಅಳತೆ ಹೇಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ವಯಸ್ಸಾದವರ ಮಾತು ಬೇರೆ. ಅವರಲ್ಲಿ ಬಾಯಾರಿಕೆಯೂ ಮೂತ್ರವನ್ನು ಗಟ್ಟಿಗೊಳಿಸುವ ಸಾಮರ್ಥ್ಯವೂ ಒಟ್ಟಿಗೆ ಕುಗ್ಗುತ್ತವೆ.

ಈ ಸಾಮರ್ಥ್ಯಕ್ಕೂ ಒಂದು ಮಿತಿಯಿದೆ. ದಿನದ ತ್ಯಾಜ್ಯ ಸುಮಾರು 600 ಮಿಲಿಓಸ್ಮೋಲ್ ಆದ್ದರಿಂದ, ಲೀಟರಿಗೆ 1200ರ ಗರಿಷ್ಠ ಮಟ್ಟಕ್ಕೆ ಗಟ್ಟಿಗೊಳಿಸಿದರೂ ಅರ್ಧ ಲೀಟರ್ ಮೂತ್ರ ಹೋಗಲೇಬೇಕು. ದೋಣಿಯಲ್ಲಿ ಕುಡಿಯುವ ನೀರು ಮುಗಿದ ಮೀನುಗಾರ ಸುತ್ತಲಿನ ಸಮುದ್ರದ ನೀರನ್ನು ಕುಡಿಯಲಾಗದಿರುವುದಕ್ಕೂ ಕಾರಣ ಇದೇ ಮಿತಿ. ಆ 1200ರಲ್ಲಿ ಯೂರಿಯಾ ಮೊದಲಾದವಕ್ಕೂ ಪಾಲಿದೆ. ಸೋಡಿಯಂ ಒಂದನ್ನೇ ಸಮುದ್ರದಲ್ಲಿರುವಷ್ಟು, ಎಂದರೆ ಲೀಟರಿಗೆ ಸುಮಾರು 470 ಮಿಲಿಮೋಲ್ ಪ್ರಮಾಣದಲ್ಲಿ, ಮೂತ್ರದಲ್ಲಿ ತುಂಬಲು ಮನುಷ್ಯನ ಮೂತ್ರಪಿಂಡಕ್ಕೆ ಆಗದು. ಹಾಗಾಗಿ ಕುಡಿದ ಒಂದು ಲೀಟರಿನ ಉಪ್ಪನ್ನು ಹೊರಹಾಕಲು ಒಂದು ಲೀಟರಿಗಿಂತ ಹೆಚ್ಚು ನೀರು ಬೇಕಾಗುತ್ತದೆ, ಕೊರತೆ ಬಿದ್ದದ್ದನ್ನು ದೇಹವೇ ತೆರಬೇಕಾಗುತ್ತದೆ.